ಯುಎಸ್‌ಬಿ–ಸೀರಿಯಲ್ ಅಡಾಪ್ಟರ್‌ಗೂ ಹಳೆಯ ಚಿಪ್ ಪ್ರೋಗ್ರಾಮರ್‌ಗೂ ಏಕೆ ಹೊಂದುವುದಿಲ್ಲ?

ಪ್ರಶ್ನೆ: ಪಿಕ್16ಎಫ್84ಎ ಎಂಬ ಮೈಕ್ರೋಕಂಟ್ರೋಲರ್ ಚಿಪ್‌ಗೆ (ಒಂದೇ ಚಿಪ್‌ನ ಪುಟ್ಟ ಕಂಪ್ಯೂಟರ್‌ಗೆ) ಪ್ರೋಗ್ರಾಂ ಬರೆಯಲು ನಾನೇ ಜೋಡಿಸಿಕೊಂಡ, ಜೆಡಿಎಂ ಎಂಬ ಹವ್ಯಾಸಿ ವಿನ್ಯಾಸದ ಸೀರಿಯಲ್ ಪ್ರೋಗ್ರಾಮರ್ ಬಳಸುತ್ತಿದ್ದೆ. ಹಳೆಯ ಕಂಪ್ಯೂಟರ್‌ನ ಒಂಬತ್ತು ಪಿನ್ನಿನ ಪೋರ್ಟ್‌ನಲ್ಲಿ ಅದು ಯಾವ ತಕರಾರೂ ಇಲ್ಲದೆ ನಡೆಯುತ್ತಿತ್ತು. ಹೊಸ ಲ್ಯಾಪ್‌ಟಾಪ್‌ನಲ್ಲಿ ಆ ಪೋರ್ಟ್ ಇಲ್ಲದ ಕಾರಣ ಯುಎಸ್‌ಬಿ–ಸೀರಿಯಲ್ ಅಡಾಪ್ಟರ್ ಕೊಂಡೆ. ಜಿಪಿಎಸ್ ಉಪಕರಣದೊಂದಿಗೆ ಅಡಾಪ್ಟರ್ ಸರಿಯಾಗಿಯೇ ಕೆಲಸ ಮಾಡುತ್ತದೆ. ಆದರೆ ಪ್ರೋಗ್ರಾಮರ್ ಸಿಕ್ಕಿಸಿದರೆ ಚಿಪ್‌ನ ಎಲ್ಲ ಸ್ಥಾನಗಳಲ್ಲೂ ಒಂದೇ ಮೌಲ್ಯ ಕಾಣಿಸುತ್ತದೆ. ಬರೆದದ್ದು ಪರಿಶೀಲನೆಯಲ್ಲಿ ತಾಳೆಯಾಗುವುದಿಲ್ಲ. ಇನ್ನೂ ಒಳ್ಳೆಯ ಅಡಾಪ್ಟರ್ ತಂದರೆ ಸರಿಹೋಗುತ್ತದೆಯೇ?

ಉತ್ತರ: ಸರಿಹೋಗುವ ಸಾಧ್ಯತೆ ಬಹಳ ಕಡಿಮೆ. ಆದ್ದರಿಂದ ಇನ್ನೊಂದು ಅಡಾಪ್ಟರ್ ಕೊಳ್ಳುವ ಮುನ್ನ ಸ್ವಲ್ಪ ತಡೆಯಿರಿ ಎಂಬುದೇ ನನ್ನ ಮೊದಲ ಸಲಹೆ. ನಿಮ್ಮ ಅಡಾಪ್ಟರ್ ಕೆಟ್ಟಿಲ್ಲ, ಪ್ರೋಗ್ರಾಮರ್ ಕೂಡ ಕೆಟ್ಟಿರಲಾರದು. ಅಡಾಪ್ಟರ್ ಇರುವುದು ಬೈಟ್‌ಗಳನ್ನು ಸಾಗಿಸುವುದಕ್ಕೆ. ನಿಮ್ಮ ಪ್ರೋಗ್ರಾಮರ್‌ಗೆ ಬೇಕಾಗಿರುವುದು ಬೈಟ್‌ಗಳಲ್ಲ, ಕಂಪ್ಯೂಟರ್ ತಾನೇ ನೇರವಾಗಿ ಮೇಲೆ ಕೆಳಗೆ ಮಾಡಬಲ್ಲ ನಾಲ್ಕು ತಂತಿಗಳು. ಈ ವ್ಯತ್ಯಾಸ ಮನಸ್ಸಿಗೆ ಬಂದರೆ ಯಾವ ಪ್ರೋಗ್ರಾಮರ್ ಅಡಾಪ್ಟರ್‌ನೊಂದಿಗೆ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದನ್ನು ಬೋರ್ಡ್ ನೋಡಿಯೇ ಹೇಳಬಹುದು.

ಹಳೆಯ ಕಂಪ್ಯೂಟರ್‌ನ ಸೀರಿಯಲ್ ಪೋರ್ಟ್‌ನಲ್ಲಿ ಎರಡು ಬಗೆಯ ಪಿನ್‌ಗಳಿದ್ದವು. ದತ್ತಾಂಶ ಹೋಗುವ 3ನೆಯ ಪಿನ್ ಟಿಎಕ್ಸ್‌ಡಿ ಮತ್ತು ಬರುವ 2ನೆಯ ಪಿನ್ ಆರ್‌ಎಕ್ಸ್‌ಡಿ ಒಂದು ಬಗೆ. ಮೋಡೆಮ್‌ನೊಂದಿಗೆ ಸನ್ನೆ ವಿನಿಮಯ ಮಾಡಿಕೊಳ್ಳಲೆಂದು ಇದ್ದ ನಿಯಂತ್ರಣ ಪಿನ್‌ಗಳು ಇನ್ನೊಂದು ಬಗೆ. ಅವುಗಳಲ್ಲಿ 4ನೆಯದಾದ ಡಿಟಿಆರ್, 7ನೆಯದಾದ ಆರ್‌ಟಿಎಸ್ ಮತ್ತು 8ನೆಯದಾದ ಸಿಟಿಎಸ್ ನಮಗೆ ಇಲ್ಲಿ ಮುಖ್ಯ. ಇವೆಲ್ಲದರ ಹಿಂದೆ 16550 ವಂಶದ ಒಂದು ಚಿಪ್ ಇರುತ್ತಿತ್ತು. ಅದರ ಒಂದು ರಿಜಿಸ್ಟರ್‌ನಲ್ಲಿ, ಅಂದರೆ ಒಳಗಿನ ಪುಟ್ಟ ಸ್ಮೃತಿಕೋಶದಲ್ಲಿ, ಒಂದು ಬಿಟ್ ಬದಲಿಸಿದರೆ ಸುಮಾರು ಒಂದು ಮೈಕ್ರೋಸೆಕೆಂಡಿನಲ್ಲಿ ಡಿಟಿಆರ್ ಪಿನ್ನಿನ ವೋಲ್ಟೇಜ್ ಬದಲಾಗುತ್ತಿತ್ತು. ಇನ್ನೊಂದು ರಿಜಿಸ್ಟರ್ ಓದಿದರೆ ಸಿಟಿಎಸ್ ಪಿನ್ ಆ ಕ್ಷಣದಲ್ಲಿ ಯಾವ ಸ್ಥಿತಿಯಲ್ಲಿದೆ ಎಂಬುದು ಅಷ್ಟೇ ಬೇಗ ತಿಳಿಯುತ್ತಿತ್ತು.

ಹವ್ಯಾಸಿಗಳ ಪ್ರೋಗ್ರಾಮರ್‌ಗಳು ಹುಟ್ಟಿಕೊಂಡದ್ದು ಈ ಅನುಕೂಲದಿಂದಲೇ. ಜೆಡಿಎಂ ವಿನ್ಯಾಸದಲ್ಲಿ ಡಿಟಿಆರ್ ತಂತಿಯ ಮೂಲಕ ಚಿಪ್‌ಗೆ ದತ್ತಾಂಶ ಹೋಗುತ್ತದೆ, ಆರ್‌ಟಿಎಸ್ ಪ್ರತಿ ಬಿಟ್‌ಗೂ ತಾಳ ಹಾಕುವ ಕ್ಲಾಕ್ ಆಗುತ್ತದೆ, ಚಿಪ್ ಕೊಡುವ ಉತ್ತರವನ್ನು ಸಿಟಿಎಸ್‌ನಲ್ಲಿ ಓದಲಾಗುತ್ತದೆ, ಟಿಎಕ್ಸ್‌ಡಿ ತಂತಿಯನ್ನು ಬ್ರೇಕ್ ಸ್ಥಿತಿಯಲ್ಲಿ (ಸತತ ಧನ ವೋಲ್ಟೇಜ್‌ನಲ್ಲಿ) ಹಿಡಿದಿಟ್ಟು ಅದರಿಂದ ಪ್ರೋಗ್ರಾಮಿಂಗ್ ವೋಲ್ಟೇಜ್ ಪಡೆಯಲಾಗುತ್ತದೆ. ಎವಿಆರ್ ಎಂಬ ಇನ್ನೊಂದು ಮೈಕ್ರೋಕಂಟ್ರೋಲರ್ ಕುಟುಂಬದ ಚಿಪ್‌ಗಳಿಗಾಗಿ ಪೋನಿಪ್ರಾಗ್ ತಂತ್ರಾಂಶದೊಂದಿಗೆ ಬಳಸುವ ಎಸ್‌ಐ–ಪ್ರಾಗ್ ಬೋರ್ಡ್ ಕೂಡ ಹೀಗೆಯೇ: ಆರ್‌ಟಿಎಸ್ ಕ್ಲಾಕ್, ಡಿಟಿಆರ್ ದತ್ತಾಂಶ, ಸಿಟಿಎಸ್ ಉತ್ತರ, ಟಿಎಕ್ಸ್‌ಡಿ ರಿಸೆಟ್. ಇಲ್ಲಿ ಬೌಡ್ ದರ (ಬಿಟ್‌ಗಳು ಸಾಗುವ ನಿಗದಿತ ವೇಗ) ಎಂಬುದೇ ಇಲ್ಲ, ಬೈಟ್‌ನ ಆದಿ ಅಂತ್ಯ ಸೂಚಿಸುವ ಸ್ಟಾರ್ಟ್ ಬಿಟ್ ಸ್ಟಾಪ್ ಬಿಟ್‌ಗಳೂ ಇಲ್ಲ. ಹೆಸರಿಗೆ ಮಾತ್ರ ಇದು ಸೀರಿಯಲ್ ಪ್ರೋಗ್ರಾಮರ್. ನಿಜದಲ್ಲಿ ಸೀರಿಯಲ್ ಸಂವಹನ ನಡೆಯುವುದೇ ಇಲ್ಲ. ತಂತ್ರಾಂಶವೇ ತಂತಿಗಳನ್ನು ಹೀಗೆ ಒಂದೊಂದಾಗಿ ಏರಿಸಿ ಇಳಿಸುವುದಕ್ಕೆ ಬಿಟ್ ಬ್ಯಾಂಗಿಂಗ್ ಎನ್ನುತ್ತಾರೆ. ನಾಲ್ಕು ತಂತಿಯಲ್ಲಿ ಇಡೀ ಪ್ರೋಗ್ರಾಮರ್ ಮಾಡಿಕೊಟ್ಟ ಆ ವಿನ್ಯಾಸಕಾರರ ಜಾಣ್ಮೆಯ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಎಷ್ಟೋ ಜನ ಮೈಕ್ರೋಕಂಟ್ರೋಲರ್ ಕಲಿತದ್ದೇ ಅದರಿಂದ.

ಈಗ ಅಡಾಪ್ಟರ್ ಮೂಲಕ ಅದೇ ಕೆಲಸ ಹೇಗೆ ನಡೆಯುತ್ತದೆ, ಒಂದೇ ಒಂದು ಬಿಟ್ ಹಿಡಿದು ನೋಡೋಣ. ಡಿಟಿಆರ್ ಮೇಲೇರಿಸು ಎಂದು ತಂತ್ರಾಂಶ ಹೇಳುತ್ತದೆ. ಆಪರೇಟಿಂಗ್ ಸಿಸ್ಟಂ ಆ ಮಾತನ್ನು ಅಡಾಪ್ಟರ್‌ನ ಡ್ರೈವರ್‌ಗೆ ದಾಟಿಸುತ್ತದೆ. ಡ್ರೈವರ್ ಅದನ್ನು ಒಂದು ಯುಎಸ್‌ಬಿ ನಿಯಂತ್ರಣ ಸಂದೇಶವಾಗಿ ಕಟ್ಟಿ ಸರದಿಯಲ್ಲಿ ಇಡುತ್ತದೆ. ಇಂಥ ಅಡಾಪ್ಟರ್‌ಗಳಲ್ಲಿ ಹೆಚ್ಚಿನವು ಸೆಕೆಂಡಿಗೆ 12 ಮೆಗಾಬಿಟ್ ವೇಗದ ಯುಎಸ್‌ಬಿಯವು. ಅಲ್ಲಿ ಕಾಲವನ್ನು ಒಂದು ಮಿಲಿಸೆಕೆಂಡಿನ ಫ್ರೇಂಗಳಾಗಿ ಹಂಚಲಾಗಿದೆ. ಸಂದೇಶ ತನ್ನ ಫ್ರೇಂ ಬರುವವರೆಗೆ ಕಾಯಬೇಕು, ಅಡಾಪ್ಟರ್ ಅದನ್ನು ಸ್ವೀಕರಿಸಿದೆ ಎಂಬ ಮರುಮಾತೂ ಬರಬೇಕು. ಇಷ್ಟಾಗುವ ಹೊತ್ತಿಗೆ ಒಂದರಿಂದ ಕೆಲವು ಮಿಲಿಸೆಕೆಂಡುಗಳು ಕಳೆದಿರುತ್ತವೆ. ಹಳೆಯ ಪೋರ್ಟ್‌ನಲ್ಲಿ ದೀಪದ ಸ್ವಿಚ್ಚು ಕೈಯಲ್ಲೇ ಇತ್ತು. ಇಲ್ಲಿ ದೀಪ ಹಾಕಿ ಎಂದು ಪ್ರತಿ ಸಲವೂ ಚೀಟಿ ಬರೆದು ಕಳಿಸಬೇಕು. ಸಾಲಾಗಿ ಸಾವಿರ ಬೈಟ್ ಕಳಿಸುವಾಗ ಈ ವಿಳಂಬ ಗಮನಕ್ಕೇ ಬರುವುದಿಲ್ಲ, ಏಕೆಂದರೆ ಸಾವಿರಕ್ಕೂ ಸೇರಿ ಕೆಲವೇ ಪ್ಯಾಕೆಟ್‌ಗಳು ಸಾಕು. ನಿಮ್ಮ ಜಿಪಿಎಸ್ ಉಪಕರಣ ಸುಗಮವಾಗಿ ನಡೆಯುವುದು ಅದಕ್ಕೇ.

ಲೆಕ್ಕ ಹಾಕಿ ನೋಡಿ. ಪಿಕ್16ಎಫ್84ಎ ಚಿಪ್‌ನಲ್ಲಿ 14 ಬಿಟ್‌ನ 1,024 ಪದಗಳಿಗೆ ಜಾಗವಿದೆ. ಒಂದು ಪದ ಬರೆಯಲು ದತ್ತಾಂಶ ತುಂಬುವ ಆದೇಶಕ್ಕೆ 6 ಕ್ಲಾಕ್, ದತ್ತಾಂಶಕ್ಕೆ 16, ಬರೆ ಎಂಬ ಆದೇಶಕ್ಕೆ 6, ಮುಂದಿನ ವಿಳಾಸಕ್ಕೆ ಹೋಗಲು 6, ಒಟ್ಟು 34 ಕ್ಲಾಕ್ ಬೇಕು. ಪ್ರತಿ ಕ್ಲಾಕ್‌ಗೆ ದತ್ತಾಂಶದ ತಂತಿ ಹೊಂದಿಸು, ಕ್ಲಾಕ್ ಏರಿಸು, ಕ್ಲಾಕ್ ಇಳಿಸು ಎಂದು ಮೂರು ಕ್ರಿಯೆಗಳು. ಎಲ್ಲ ಸೇರಿದರೆ 1,04,448 ಕ್ರಿಯೆಗಳಾಗುತ್ತವೆ. ನಿಜವಾದ ಪೋರ್ಟ್‌ನಲ್ಲಿ ಇದಕ್ಕೆ ಬೇಕಾದದ್ದು ಸೆಕೆಂಡಿನ ಹತ್ತನೆಯ ಒಂದು ಭಾಗ. ಕ್ರಿಯೆಯೊಂದಕ್ಕೆ ಒಂದು ಮಿಲಿಸೆಕೆಂಡ್ ಹಿಡಿದರೆ ಅಡಾಪ್ಟರ್‌ನಲ್ಲಿ ನೂರನಾಲ್ಕು ಸೆಕೆಂಡ್, ಮೂರು ಮಿಲಿಸೆಕೆಂಡ್ ಹಿಡಿದರೆ ಐದು ನಿಮಿಷಕ್ಕೂ ಹೆಚ್ಚು. ಎಂಟು ಕಿಲೋಬೈಟ್‌ನ ಎಟಿಮೆಗಾ8 ಚಿಪ್‌ಗೆ ಪ್ರತಿ ಬೈಟ್‌ಗೂ 32 ಬಿಟ್‌ನ ಆದೇಶ ಬೇಕಾಗುವುದರಿಂದ, ಅತ್ಯುತ್ತಮ ಸ್ಥಿತಿಯಲ್ಲೂ ಬರೆಯುವುದಕ್ಕೇ ಹದಿಮೂರು ನಿಮಿಷ ಹಿಡಿಯುತ್ತದೆ. ಪರಿಶೀಲನೆಯ ಸಮಯ ಇದಕ್ಕೆ ಸೇರಿಲ್ಲ.

ಬರೀ ನಿಧಾನವಾಗಿದ್ದರೆ ಕಾಯಬಹುದಿತ್ತು. ಕ್ಲಾಕ್ ನಿಧಾನವಾಯಿತೆಂದು ಚಿಪ್ ಮುನಿಸಿಕೊಳ್ಳುವುದಿಲ್ಲ. ನಿಜವಾದ ತೊಡಕು ಇರುವುದು ಓದುವ ಕಡೆಗೆ, ಮತ್ತು ನೀವು ವಿವರಿಸಿದ ಲಕ್ಷಣಕ್ಕೆ ಬಹುಶಃ ಇದೇ ಒಂದು ಕಾರಣ. ತಂತ್ರಾಂಶ ಕ್ಲಾಕ್ ಏರಿಸಿ, ಕೆಲವು ಮೈಕ್ರೋಸೆಕೆಂಡ್ ಕಾದು, ಸಿಟಿಎಸ್ ಎಷ್ಟಿದೆ ಎಂದು ಕೇಳುತ್ತದೆ. ಎಷ್ಟೋ ಬಾರಿ ಅಡಾಪ್ಟರ್‌ನ ಡ್ರೈವರ್ ಆಗ ಪಿನ್ ನೋಡಿ ಉತ್ತರಿಸುವುದಿಲ್ಲ. ಕೊನೆಯ ಸಲ ಅಡಾಪ್ಟರ್‌ನಿಂದ ಬಂದ ವರದಿಯಲ್ಲಿ ಏನಿತ್ತೋ ಅದನ್ನೇ ಕೊಡುತ್ತದೆ. ಚಿಪ್ ಹೊಸ ಬಿಟ್ ಕೊಟ್ಟಾಗಿದೆ, ಡ್ರೈವರ್‌ನ ಕೈಯಲ್ಲಿ ಇನ್ನೂ ಹಳೆಯ ಬಿಟ್ ಇದೆ. ಬರೆದದ್ದು ಸರಿಯಿದ್ದರೂ ಓದು ತಪ್ಪಾಗುತ್ತದೆ, ಪರಿಶೀಲನೆ ಸೋಲುತ್ತದೆ. ಎಫ್‌ಟಿಡಿಐ ಕಂಪನಿಯ ಅಡಾಪ್ಟರ್ ಚಿಪ್‌ಗಳಲ್ಲಿ ಲೇಟೆನ್ಸಿ ಟೈಮರ್ ಎಂಬುದೊಂದಿದೆ; ಪ್ಯಾಕೆಟ್ ತುಂಬದಿದ್ದರೂ ಇಷ್ಟು ಕಾಲಕ್ಕೊಮ್ಮೆ ವರದಿ ಕಳಿಸು ಎಂದು ಅದು ಹೇಳುತ್ತದೆ. ಅದರ ಪೂರ್ವನಿಗದಿ ಮೌಲ್ಯ 16 ಮಿಲಿಸೆಕೆಂಡ್. ಡ್ರೈವರ್‌ನ ಹೊಂದಿಕೆಯಲ್ಲಿ ಅದನ್ನು 1ಕ್ಕೆ ಇಳಿಸಬಹುದು, ಆಗ ಕೆಲವು ಸಂದರ್ಭಗಳಲ್ಲಿ ಪರಿಸ್ಥಿತಿ ಸುಧಾರಿಸುತ್ತದೆ. ಯುಎಸ್‌ಬಿಯ ಸಾಮಾನ್ಯ ಸಿಡಿಸಿ ಮಾನದಂಡವನ್ನಷ್ಟೇ ಪಾಲಿಸುವ ಅಡಾಪ್ಟರ್ ಆಗಿದ್ದರೆ ಆ ದಾರಿಯೂ ಇಲ್ಲ: ಆ ಮಾನದಂಡದ ಸ್ಥಿತಿ ವರದಿಯಲ್ಲಿ ಡಿಸಿಡಿ, ಡಿಎಸ್‌ಆರ್ ಮತ್ತು ರಿಂಗ್ ಸಂಕೇತಗಳಿಗೆ ಸ್ಥಾನವಿದೆ, ಸಿಟಿಎಸ್‌ಗೆ ಇಲ್ಲವೇ ಇಲ್ಲ. ಬ್ರೇಕ್ ಆದೇಶವೂ ಅದರಲ್ಲಿ ಕಡ್ಡಾಯವಲ್ಲ. ನಿಮ್ಮ ಪ್ರೋಗ್ರಾಮರ್ ಉತ್ತರ ಓದುವುದು ಸಿಟಿಎಸ್‌ನಲ್ಲಿ, ವೋಲ್ಟೇಜ್ ಪಡೆಯುವುದು ಬ್ರೇಕ್‌ನಿಂದ ಎಂಬುದನ್ನು ನೆನಪಿಸಿಕೊಳ್ಳಿ.

ತಂತ್ರಾಂಶದ ಹೊಂದಿಕೆಯನ್ನೂ ಒಮ್ಮೆ ನೋಡಿ. ಜೆಡಿಎಂ ನಡೆಸುವ ಐಸಿ–ಪ್ರಾಗ್ ತಂತ್ರಾಂಶದಲ್ಲಿ ಡೈರೆಕ್ಟ್ ಐಒ ಮತ್ತು ವಿಂಡೋಸ್ ಎಪಿಐ ಎಂದು ಎರಡು ಆಯ್ಕೆಗಳಿವೆ. ಪೋನಿಪ್ರಾಗ್‌ನಲ್ಲೂ ಅಂಥದೇ ಎರಡಿವೆ. ಮೊದಲನೆಯದು 3ಎಫ್8ನಂಥ ಯಂತ್ರಾಂಶದ ವಿಳಾಸಕ್ಕೆ ನೇರವಾಗಿ ಬರೆಯುತ್ತದೆ. ಅಡಾಪ್ಟರ್‌ಗೆ ಅಂಥ ವಿಳಾಸವೇ ಇಲ್ಲದ ಕಾರಣ ಆ ಆಯ್ಕೆಯಲ್ಲಿ ಯಾವ ಅಡಾಪ್ಟರ್ ತಂದರೂ ಒಂದು ಪಿನ್ ಕೂಡ ಅಲುಗುವುದಿಲ್ಲ. ಎರಡನೆಯ ಆಯ್ಕೆಯಲ್ಲಿ ಪಿನ್‌ಗಳಾದರೂ ಅಲುಗುತ್ತವೆ. ಅಡಾಪ್ಟರ್ ಮೂಲಕ ಜೆಡಿಎಂ ಓಡಿಸಿದ್ದೇವೆ ಎಂದು ಹೇಳುವವರಿದ್ದಾರೆ. ಅವರ ಮಾತು ಸುಳ್ಳಲ್ಲ. ಎಪಿಐ ಆಯ್ಕೆ, ಹೊಂದುವ ಡ್ರೈವರ್, ಸಾಕಷ್ಟು ವೋಲ್ಟೇಜ್ ಈ ಮೂರೂ ಒಟ್ಟಿಗೆ ಕೂಡಿಬಂದರೆ ಅದು ನಿಧಾನವಾಗಿ ನಡೆಯುತ್ತದೆ. ಹಾಗೆ ಕೂಡಿಬರುವುದನ್ನು ನಂಬಿ ಹಣ ಹಾಕಬಾರದು ಎಂಬುದಷ್ಟೇ ನನ್ನ ಅಭಿಪ್ರಾಯ.

ವೋಲ್ಟೇಜ್ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ವೇಗದ ಸಮಸ್ಯೆ ಬಗೆಹರಿದರೂ ಜೆಡಿಎಂ ಇಲ್ಲಿ ಸಿಕ್ಕಿಬೀಳುತ್ತದೆ. ಅದಕ್ಕೆ ಹೊರಗಿನ ವಿದ್ಯುತ್ ಇಲ್ಲ. ಪೋರ್ಟ್‌ನ ಸಂಕೇತಗಳಿಂದಲೇ ಅದು ಶಕ್ತಿ ಪಡೆಯುತ್ತದೆ. ಪಿಕ್16ಎಫ್84ಎ ಚಿಪ್ ಪ್ರೋಗ್ರಾಮಿಂಗ್ ಸ್ಥಿತಿಗೆ ಬರಲು ಅದರ ರಿಸೆಟ್‌ಗಾಗಿ ಇರುವ ಎಂಸಿಎಲ್ಆರ್ ಪಿನ್‌ಗೆ ಸುಮಾರು 13 ವೋಲ್ಟ್ ಬೇಕು. ಒಂದೇ ತಂತಿಯಿಂದ ಅಷ್ಟು ಸಿಗದ ಕಾರಣ ಜೆಡಿಎಂನಲ್ಲಿ ಪೋರ್ಟ್‌ನ ಗ್ರೌಂಡನ್ನು ಚಿಪ್‌ನ ಧನ ತುದಿಗೆ, ಅಂದರೆ ವಿಡಿಡಿಗೆ ಜೋಡಿಸಿ, ಚಿಪ್‌ನ ಋಣ ತುದಿಯನ್ನು ಗ್ರೌಂಡ್‌ಗಿಂತ ಸುಮಾರು 5 ವೋಲ್ಟ್ ಕೆಳಕ್ಕೂ ಪ್ರೋಗ್ರಾಮಿಂಗ್ ವೋಲ್ಟೇಜನ್ನು ಗ್ರೌಂಡ್‌ಗಿಂತ ಸುಮಾರು 8 ವೋಲ್ಟ್ ಮೇಲಕ್ಕೂ ಝೀನರ್ ಡಯೋಡ್‌ಗಳ ನೆರವಿನಿಂದ ಇರಿಸಲಾಗಿದೆ. ಹೀಗೆ ಐದೂ ಎಂಟೂ ಕೂಡಿ ಹದಿಮೂರಾಗುತ್ತದೆ. ಪೋರ್ಟ್‌ನ ತಂತಿ ಹೊರೆ ಹೊತ್ತುಕೊಂಡೂ 8 ವೋಲ್ಟ್‌ಗಿಂತ ಹೆಚ್ಚು ಕೊಟ್ಟರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಧನ 12, ಋಣ 12 ವೋಲ್ಟ್‌ನ ಪೂರೈಕೆಯೇ ಇದ್ದುದರಿಂದ ಅದಕ್ಕೆ ಕೊರತೆ ಇರಲಿಲ್ಲ.

ಸೀರಿಯಲ್ ಪೋರ್ಟ್‌ನ ವಿದ್ಯುತ್ ಸಂಕೇತಗಳನ್ನು ನಿಗದಿಪಡಿಸುವ ಆರ್‌ಎಸ್–232 ಮಾನದಂಡ ಕಳಿಸುವ ತುದಿಯಿಂದ ಕೇಳುವುದು 5ರಿಂದ 15 ವೋಲ್ಟ್. ಸ್ವೀಕರಿಸುವ ತುದಿಗೆ 3 ವೋಲ್ಟ್ ಸಾಕು. ಆದ್ದರಿಂದ ಧನ ಋಣ ಐದಾರು ವೋಲ್ಟ್ ಕೊಡುವ ಅಡಾಪ್ಟರ್ ಮಾನದಂಡದ ದೃಷ್ಟಿಯಿಂದ ಪೂರ್ತಿ ಸರಿಯಾದ ಅಡಾಪ್ಟರೇ. ಜೆಡಿಎಂಗೆ ಮಾತ್ರ ಅದು ಸಾಲದು. ನಿಮ್ಮದು ಎಷ್ಟು ಕೊಡುತ್ತದೆ ಎಂದು ನೀವೇ ಅಳೆಯಬಹುದು. ಪ್ರೋಗ್ರಾಮರ್ ತೆಗೆದಿಟ್ಟು, ಯಾವುದಾದರೂ ಟರ್ಮಿನಲ್ ತಂತ್ರಾಂಶದಲ್ಲಿ ಪೋರ್ಟ್ ತೆರೆದು, ಮಲ್ಟಿಮೀಟರ್‌ನ ಕಪ್ಪು ಕಡ್ಡಿಯನ್ನು ಗ್ರೌಂಡ್ ಆದ 5ನೆಯ ಪಿನ್‌ಗೆ, ಕೆಂಪು ಕಡ್ಡಿಯನ್ನು 3ನೆಯ ಪಿನ್‌ಗೆ ಇಡಿ. ಏನನ್ನೂ ಕಳಿಸದಿರುವಾಗ ಅಲ್ಲಿ ಋಣ ವೋಲ್ಟೇಜ್ ಕಾಣಬೇಕು. ಬಳಿಕ 4ನೆಯ ಪಿನ್‌ಗೆ ಕಡ್ಡಿ ಇಟ್ಟು ಡಿಟಿಆರ್ ಅನ್ನು ಆನ್ ಆಫ್ ಮಾಡಿದರೆ ಚಿಹ್ನೆ ಧನದಿಂದ ಋಣಕ್ಕೆ ತಿರುಗಬೇಕು. ಈಗ ಆ ಪಿನ್‌ಗೂ 5ನೆಯ ಪಿನ್‌ಗೂ ನಡುವೆ 3 ಕಿಲೋಓಮ್‌ನ ರೆಸಿಸ್ಟರ್ ಸೇರಿಸಿ ಮತ್ತೆ ಅಳೆಯಿರಿ. ಹೊರೆಯಿಲ್ಲದಾಗ 9 ತೋರಿಸಿ ಹೊರೆ ಬಿದ್ದಾಗ 6ಕ್ಕೆ ಇಳಿದರೆ, ಹೊರೆ ಹೊತ್ತ ಆ 6ನ್ನೇ ಲೆಕ್ಕಕ್ಕೆ ಹಿಡಿಯಬೇಕು. ಪರೀಕ್ಷೆಯಲ್ಲಿ ಸೊನ್ನೆ ಮತ್ತು 5, ಅಥವಾ ಸೊನ್ನೆ ಮತ್ತು 3.3 ವೋಲ್ಟ್ ಕಂಡರೆ ನಿಮ್ಮ ಕೈಯಲ್ಲಿರುವುದು ಆರ್‌ಎಸ್–232 ಅಡಾಪ್ಟರ್ ಅಲ್ಲ, ಚಿಪ್‌ಗಳಿಗೆ ನೇರವಾಗಿ ಜೋಡಿಸಲೆಂದು ಇರುವ ಟಿಟಿಎಲ್ ಅಡಾಪ್ಟರ್. ಅದರ ಸಂಕೇತಗಳು ಆರ್‌ಎಸ್–232ಗೆ ತಿರುವುಮುರುವು ಕೂಡ.

ಹಾಗಾದರೆ ಅಡಾಪ್ಟರ್‌ನೊಂದಿಗೆ ನಡೆಯುವ ಪ್ರೋಗ್ರಾಮರ್‌ಗಳು ಯಾವುವು? ಬೋರ್ಡ್ ಮೇಲೆ ಸ್ವಂತ ಮೈಕ್ರೋಕಂಟ್ರೋಲರ್ ಇರುವಂಥವು. ಬೋರ್ಡ್ ಮೇಲೆ ಕೆಲವು ರೆಸಿಸ್ಟರ್, ಡಯೋಡ್, ಟ್ರಾನ್ಸಿಸ್ಟರ್‌ಗಳು ಮತ್ತು ಬರೆಯಬೇಕಾದ ಚಿಪ್‌ನ ಸಾಕೆಟ್ ಮಾತ್ರ ಇದ್ದರೆ ಅದು ಬಿಟ್ ಬ್ಯಾಂಗಿಂಗ್ ಜಾತಿಯದು. ಕ್ರಿಸ್ಟಲ್ ಸಹಿತ ಇನ್ನೊಂದು ಮೈಕ್ರೋಕಂಟ್ರೋಲರ್ ಖಾಯಂ ಆಗಿ ಕೂತಿದ್ದರೆ ಕಂಪ್ಯೂಟರ್ ಅದಕ್ಕೆ ಬೈಟ್‌ಗಳಲ್ಲಿ ಆದೇಶ ಕೊಡುತ್ತದೆ, ತಂತಿ ಎಳೆಯುವ ಕೆಲಸವನ್ನು ಮೈಕ್ರೋಸೆಕೆಂಡ್ ಲೆಕ್ಕದಲ್ಲಿ ಅದೇ ಮಾಡಿಕೊಳ್ಳುತ್ತದೆ. ಎವಿಆರ್ ಚಿಪ್‌ಗಳಿಗಾಗಿ ಎಟ್ಮೆಲ್ ಕಂಪನಿ ಮಾಡಿದ ಎಸ್‌ಟಿಕೆ500 ಇಂಥದು. 115200 ಬೌಡ್‌ನಲ್ಲಿ ಮಾತಾಡುತ್ತದೆ, ಅಡಾಪ್ಟರ್ ಮೂಲಕವೂ ಚೆನ್ನಾಗಿ ನಡೆಯುತ್ತದೆ. ಒಂದು ಆರ್ಡುಯಿನೋ ಬೋರ್ಡ್‌ಗೆ ಆರ್ಡುಯಿನೋ ಐಎಸ್‌ಪಿ ಎಂಬ ಸ್ಕೆಚ್ (ಪ್ರೋಗ್ರಾಂ) ತುಂಬಿದರೆ ಅದೂ ಎವಿಆರ್ ಚಿಪ್‌ಗಳಿಗೆ ಇದೇ ಬಗೆಯ ಪ್ರೋಗ್ರಾಮರ್ ಆಗುತ್ತದೆ.

ಇನ್ನೂ ಸಂತೋಷದ ಸಂಗತಿಯೆಂದರೆ, ಈಚಿನ ಅನೇಕ ಚಿಪ್‌ಗಳಿಗೆ ಟಿಟಿಎಲ್ ಅಡಾಪ್ಟರ್ ತಾನೇ ಪ್ರೋಗ್ರಾಮರ್ ಆಗಬಲ್ಲದು. ಎಸ್‌ಟಿಎಂ32 ಚಿಪ್‌ಗಳಲ್ಲಿ ಕಾರ್ಖಾನೆಯಲ್ಲೇ ತುಂಬಿದ, ಸೀರಿಯಲ್ ತಂತಿಯಿಂದ ಪ್ರೋಗ್ರಾಂ ತುಂಬಿಕೊಳ್ಳುವ ಬೂಟ್‌ಲೋಡರ್ ಇದೆ; ಬೂಟ್0 ಪಿನ್‌ಗೆ ಧನ ವೋಲ್ಟೇಜ್ ಕೊಟ್ಟು ರಿಸೆಟ್ ಮಾಡಿ, ಸಮ (ಈವನ್) ಪ್ಯಾರಿಟಿಯೊಂದಿಗೆ ಸಂಪರ್ಕಿಸಿದರೆ ಸಾಕು. ಆರ್ಡುಯಿನೋ ಉನೋದಲ್ಲಿ ಡಿಟಿಆರ್ ಒಮ್ಮೆ ಇಳಿದಾಗ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಮೂಲಕ ರಿಸೆಟ್ ಆಗುತ್ತದೆ, ಆಮೇಲೆ ನಡೆಯುವುದೆಲ್ಲ ಬೈಟ್‌ಗಳ ಮಾತುಕತೆ. ಇಎಸ್‌ಪಿ32 ಬೋರ್ಡ್‌ಗಳಲ್ಲಿ ಡಿಟಿಆರ್ ಮತ್ತು ಆರ್‌ಟಿಎಸ್ ಎರಡು ಟ್ರಾನ್ಸಿಸ್ಟರ್‌ಗಳ ಮೂಲಕ ರಿಸೆಟ್ ಮತ್ತು ಬೂಟ್ ಪಿನ್‌ಗಳನ್ನು ನಡೆಸುತ್ತವೆ. ಇಲ್ಲೂ ನಿಯಂತ್ರಣ ತಂತಿಗಳ ಬಳಕೆ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ, ಆದರೆ ಇಡೀ ಕೆಲಸಕ್ಕೆ ಒಂದೆರಡು ಬಾರಿ ಮಾತ್ರ, ಆದ್ದರಿಂದ ಕೆಲವು ಮಿಲಿಸೆಕೆಂಡುಗಳ ವಿಳಂಬ ಬಾಧಿಸುವುದಿಲ್ಲ. ಹೊಸ ಎಟಿಟೈನಿ ಮತ್ತು ಎವಿಆರ್ ಡಿಎ ಸರಣಿಯ ಚಿಪ್‌ಗಳು ಬಳಸುವ ಯುಪಿಡಿಐ ಎಂಬ ಒಂಟಿ ತಂತಿಯ ಸಂಪರ್ಕ ಮೂಲತಃ ಸೀರಿಯಲ್ ಸಂವಹನವೇ. ಅಡಾಪ್ಟರ್‌ನ ಆರ್‌ಎಕ್ಸ್ ತಂತಿಯನ್ನು ನೇರವಾಗಿ ಯುಪಿಡಿಐಗೆ ಜೋಡಿಸಿ, ಅಲ್ಲಿಂದ ಟಿಎಕ್ಸ್‌ಗೆ ಒಂದು ಶಾಟ್ಕಿ ಡಯೋಡನ್ನು ಅದರ ಪಟ್ಟಿಯ ಗುರುತು ಟಿಎಕ್ಸ್ ಕಡೆಗೆ ಬರುವಂತೆ ಹಾಕಿ, ಎವಿಆರ್‌ಡ್ಯೂಡ್ ತಂತ್ರಾಂಶದಲ್ಲಿ ಸೀರಿಯಲ್‌ಯುಪಿಡಿಐ ಆರಿಸಿಕೊಂಡರೆ ಪ್ರೋಗ್ರಾಮರ್ ಸಿದ್ಧ. ಇಂಥ ಎಲ್ಲ ಕಡೆಯೂ ಟಿಟಿಎಲ್ ಅಡಾಪ್ಟರೇ ಬೇಕು. ಆರ್‌ಎಸ್–232 ಅಡಾಪ್ಟರ್‌ನ ಧನ ಋಣ ವೋಲ್ಟೇಜ್ ಚಿಪ್‌ನ ಪಿನ್‌ಗೆ ನೇರವಾಗಿ ತಗುಲಿದರೆ ಚಿಪ್ ಸುಟ್ಟುಹೋಗಬಹುದು. 3.3 ವೋಲ್ಟ್‌ನ ಚಿಪ್ ಆಗಿದ್ದರೆ ಅಡಾಪ್ಟರ್‌ನ ಜಂಪರ್ 3.3ರಲ್ಲಿದೆಯೇ ಎಂಬುದನ್ನೂ ಮೊದಲೇ ನೋಡಿಕೊಳ್ಳಿ.

ಎಫ್‌ಟಿ232ಆರ್ ಚಿಪ್‌ನ ಅಡಾಪ್ಟರ್‌ಗಳಿಗೆ ಇನ್ನೊಂದು ಗುಣವಿದೆ. ಸೀರಿಯಲ್ ಪೋರ್ಟ್‌ನ ವೇಷ ಬಿಟ್ಟು, ಅದರ ಎಂಟು ತಂತಿಗಳನ್ನು ನೇರ ನಿಯಂತ್ರಣಕ್ಕೆ ಒಪ್ಪಿಸುವ ಸಿಂಕ್ರೊನಸ್ ಬಿಟ್ ಬ್ಯಾಂಗ್ ವಿಧಾನ ಅದರಲ್ಲಿದೆ. ಕಳಿಸಿದ ಪ್ರತಿ ಬೈಟ್ ಎಂಟು ತಂತಿಗಳ ಒಂದು ಸ್ಥಿತಿಯಾಗುತ್ತದೆ, ಜೊತೆಗೆ ಆ ಹೊತ್ತಿನಲ್ಲಿ ತಂತಿಗಳು ಹೇಗಿದ್ದವು ಎಂಬುದು ಹಿಂದಿರುಗಿ ಬರುತ್ತದೆ. ನೂರಾರು ಸ್ಥಿತಿಗಳನ್ನು ಒಟ್ಟಿಗೆ ಕಟ್ಟಿ ಕಳಿಸಬಹುದಾದ್ದರಿಂದ ಒಂದೊಂದು ಬಿಟ್‌ಗೂ ಒಂದೊಂದು ಸಂದೇಶ ಎಂಬ ಕಷ್ಟ ಇಲ್ಲವಾಗುತ್ತದೆ. ಎವಿಆರ್‌ಡ್ಯೂಡ್‌ಗೆ ಈ ವಿಧಾನ ಗೊತ್ತಿದೆ. ಎಫ್‌ಟಿ232ಎಚ್ ಚಿಪ್‌ನಲ್ಲಂತೂ ಚಿಪ್‌ಗಳಿಗೆ ಬರೆಯಲು ಬಳಸುವ ಎಸ್‌ಪಿಐ ಮತ್ತು ಜೆಟ್ಯಾಗ್ ಸಂಕೇತಗಳನ್ನು ಯಂತ್ರಾಂಶವೇ ಉಂಟುಮಾಡುತ್ತದೆ. ಆದರೆ ಇವೆರಡೂ 13 ವೋಲ್ಟ್ ಕೊಡಲಾರವು. ನಿಮ್ಮ ಪಿಕ್ ಚಿಪ್‌ಗೆ ಆ ವೋಲ್ಟೇಜ್ ಬೇರೆಯೇ ಒದಗಿಸಬೇಕಾಗುತ್ತದೆ.

ನಿಮ್ಮ ಸಂದರ್ಭಕ್ಕೆ ನನ್ನ ಸಲಹೆ ಹೀಗಿದೆ. ಡೆಸ್ಕ್‌ಟಾಪ್ ಕಂಪ್ಯೂಟರ್ ಲಭ್ಯವಿದ್ದರೆ ಮೊದಲು ಅದರ ಮದರ್‌ಬೋರ್ಡ್ ಮೇಲೆ ಕಾಮ್ ಎಂದು ಬರೆದ ಪಿನ್ನುಗಳ ಸಾಲು ಇದೆಯೇ ನೋಡಿ. ಹಲವು ಬೋರ್ಡ್‌ಗಳಲ್ಲಿ ಪೋರ್ಟ್ ಒಳಗೇ ಇರುತ್ತದೆ, ಹೊರಗೆ ತರುವ ಕೇಬಲ್ ಮಾತ್ರ ಇರುವುದಿಲ್ಲ. ಅಲ್ಲಿ ಜೆಡಿಎಂ ಹಿಂದಿನಂತೆಯೇ ನಡೆಯುವ ಸಂಭವ ಹೆಚ್ಚು. ಲ್ಯಾಪ್‌ಟಾಪ್ ಮಾತ್ರ ಇದ್ದರೆ ಪಿಕ್‌ಕಿಟ್ 2 ಅಥವಾ ಪಿಕ್‌ಕಿಟ್ 3 ಮಾದರಿಯ ಯುಎಸ್‌ಬಿ ಪ್ರೋಗ್ರಾಮರ್‌ಗೆ ಬನ್ನಿ. ಅದರೊಳಗೆ ಸ್ವಂತ ಮೈಕ್ರೋಕಂಟ್ರೋಲರ್ ಇದೆ, ಹೆಚ್ಚಿನ ವೋಲ್ಟೇಜನ್ನೂ ಅದೇ ತಯಾರಿಸಿಕೊಳ್ಳುತ್ತದೆ. ಮುಂದೆ ಎವಿಆರ್ ಕಡೆಗೂ ಹೋಗುವ ಮನಸ್ಸಿದ್ದರೆ ಎಟಿಮೆಗಾ8 ಆಧಾರಿತ ಯುಎಸ್‌ಬಿಎಎಸ್‌ಪಿ ಎಂಬ ಪ್ರೋಗ್ರಾಮರ್ ಸಾಕು. ನೀವು ಈಗಾಗಲೇ ಕೊಂಡಿರುವ ಅಡಾಪ್ಟರ್ ಬರೆದ ಪ್ರೋಗ್ರಾಂನ ದೋಷ ಹುಡುಕಲು ಉಪಯೋಗಕ್ಕೆ ಬರುತ್ತದೆ, ಎಸೆಯಬೇಡಿ.

ಹೊಸ ಪ್ರೋಗ್ರಾಮರ್ ಬಂದ ಮೇಲೆ ಚಿಪ್‌ಗೆ ಐದು ತಂತಿಗಳಷ್ಟೇ ಬೇಕು: ಪಿಕ್16ಎಫ್84ಎ ಚಿಪ್‌ನ 4ನೆಯ ಪಿನ್‌ಗೆ ಪ್ರೋಗ್ರಾಮಿಂಗ್ ವೋಲ್ಟೇಜ್, 14ಕ್ಕೆ ವಿಡಿಡಿ, 5ಕ್ಕೆ ಗ್ರೌಂಡ್, 12ಕ್ಕೆ ಕ್ಲಾಕ್, 13ಕ್ಕೆ ದತ್ತಾಂಶ. ಜೆಡಿಎಂನಲ್ಲಿ ಪೋರ್ಟ್‌ನ ಗ್ರೌಂಡ್ ವಿಡಿಡಿಗೆ ಹೋಗುತ್ತಿತ್ತು, ಇಲ್ಲಿ ಗ್ರೌಂಡ್ ಗ್ರೌಂಡ್‌ಗೇ ಹೋಗುತ್ತದೆ. ಆದ್ದರಿಂದ ಹಳೆಯ ಸಾಕೆಟ್ ಬೋರ್ಡಿನ ಸಂಪರ್ಕಗಳನ್ನು ಹಾಗೆಯೇ ಬಳಸಿಕೊಳ್ಳಬೇಡಿ. ತಂತಿಗಳು ಒಂದು ಗೇಣಿಗಿಂತ ಉದ್ದವಾಗದಿರಲಿ, ಚಿಪ್‌ನ 14 ಮತ್ತು 5ನೆಯ ಪಿನ್‌ಗಳ ನಡುವೆ ಒಂದು 100 ನ್ಯಾನೋಫ್ಯಾರಡ್ ಕೆಪಾಸಿಟರ್ ಇರಲಿ.